ಬಾದಾಮಿಯ ಕಥಾ ಕಮ್ಮಟ: ಬೆಳಗಿನ ಪಾಠಕ್ಕಾದರೂ ಹೋಗಿಬನ್ನಿ

ಕವಿತೆ, ಕಥೆಗಳ ಕೊನೆಯ ತಿರುವು ಎಂಬ ಒಂದೇ ವಿಷಯಕ್ಕೆ ಇಡೀ ದಿನ ಕೊಡುವ ಕಮ್ಮಟ ಇದು. ಪಾಠ ಶುರುವಾಗುವುದು ಕಪ್ಪೆ ಅರಭಟ್ಟನ ಶಾಸನದ ಬಂಡೆಯ ಎದುರು. ಸುಮಾರು ಕ್ರಿ.ಶ. 700ರ ಈ ಶಾಸನದಲ್ಲಿ ಮೂರು ಸಾಲಿನ ಪದ್ಯವಾದ ತ್ರಿಪದಿಯ, ನಮಗೆ ತಿಳಿದಿರುವ ಅತಿ ಹಳೆಯ ಮಾದರಿ ಇದೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್’ ಎನ್ನುವವರೆಗೆ ಒಬ್ಬ ಮನುಷ್ಯನ ಗುಣಗಾನ. ‘ಮಾಧವನೀತನ್ ಪೆರನಲ್ಲ’ (ಈತ ಮಾಧವನೇ, ಬೇರೆಯವನಲ್ಲ) ಎಂದೊಡನೆ ಆತ ದೇವರೇ ಆಗಿಬಿಡುತ್ತಾನೆ. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ (ಲಯದ ಅಳತೆಗೆ ಮಾಡಿದ ಅಕ್ಷರಗಳ ಗುಂಪು), ಮೂರನೆಯದಕ್ಕೆ ಮೂರೇ. ಕಿವಿ ಇನ್ನೊಂದು ಗಣಕ್ಕೆ ಕಾಯುತ್ತಿರುವಾಗಲೇ ಪದ್ಯ ಮುಗಿದಿರುತ್ತದೆ. ಬೆಚ್ಚುವ ಸುಖದಲ್ಲಿ ಅರ್ಥದಷ್ಟೇ ಪಾಲು ಈ ಅಳತೆಗೂ ಇದೆ. ಇದನ್ನು ಇಷ್ಟು ಚೆನ್ನಾಗಿ ತೋರಿಸುವವರು ಕಡಿಮೆ.

ಮದುಮಗಳು ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳುವ ಒಡಪನ್ನೂ ಸೇರಿಸಿದ್ದು ಜಾಣತನ. ಗಂಡನ ಹೆಸರು ಕೊನೆಗೆ ಬರುತ್ತದೆಂದು ಮದುವೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾವ ಪ್ರಾಸಕ್ಕೆ ಸಿಕ್ಕಿಕೊಂಡು ಬರುತ್ತದೆ ಅನ್ನೋದೇ ಮಜಾ.

ಮಧ್ಯಾಹ್ನ ಕಥೆ. ಮಾದರಿಗೆ ಕೊಟ್ಟದ್ದು: ಮಗನಿಗಾಗಿ ದಿನಾ ಬಸ್‌ಸ್ಟ್ಯಾಂಡಿನಲ್ಲಿ ಕೂರುವ ಮುದುಕಿ. ಮಗ ಎಂದೋ ಸತ್ತಿದ್ದಾನೆ ಎಂದು ಮುಗಿಸಿದರೆ ಓದುಗ ಎರಡನೇ ವಾಕ್ಯಕ್ಕೇ ಹಿಡಿಯುತ್ತಾನೆ. ತಿದ್ದಿದ ಕಥೆಯಲ್ಲಿ ಮಗ ಬಸ್ಸಿಳಿಯುತ್ತಾನೆ. ಆಕೆ ಮನೆಯ ಕೀಲಿ ಅವನ ಕೈಗಿಟ್ಟು ಅದೇ ಬಸ್ಸು ಹತ್ತುತ್ತಾಳೆ. ಸುಳಿವು ಮೊದಲ ಪ್ಯಾರಾದಲ್ಲೇ ಇದೆ: ಮಡಿಲಲ್ಲಿ ರೊಟ್ಟಿಯ ಬುತ್ತಿ, ಸೀರೆಯ ಗಂಟು, ನೀರಿನ ಬಾಟ್ಲಿ. ಮೂರರಲ್ಲಿ ನಡುವಿನದರ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ, ಆದ್ದರಿಂದ ಗಂಟು ಅಲ್ಲಿ. ಹತ್ತಿದ ಮೇಲೆ ಒಂದು ವಾಕ್ಯವನ್ನೂ ಬರೆಯಬೇಡಿ. ‘ಆಕೆಗೆ ಕೊನೆಗೂ ಬಿಡುಗಡೆ ಸಿಕ್ಕಿತು’ ಎಂದು ಸೇರಿಸಿದರೆ ಕಥೆ ಅಲ್ಲೇ ಸಾಯುತ್ತದೆ.

ಪರೀಕ್ಷೆ ಸುಲಭ. ಕೊನೆಯ ಪ್ಯಾರಾ ಮಡಚಿ ಐದು ಜನರಿಗೆ ಓದಲು ಕೊಡಿ, ಕೊನೆ ಏನೆಂದು ಬರೆಸಿ. ಮೂವರು ಊಹಿಸಿದರೆ ಸುಳಿವು ದಪ್ಪವಾಗಿದೆ. ಯಾರೂ ಊಹಿಸದೆ, ಬಿಚ್ಚಿ ತೋರಿಸಿದ ಮೇಲೂ ‘ಇದೆಲ್ಲಿಂದ ಬಂತು?’ ಅಂದರೆ ಸುಳಿವೇ ಇಲ್ಲ. ಕನಸಾಗಿತ್ತು, ಅವಳಿ ಮಕ್ಕಳಾಗಿದ್ದರು ಎಂಬ ಕೊನೆಗಳು ಸೋಲುವುದು ಇಲ್ಲೇ. ಕಥೆ ಹೇಳುವವನು ತನಗೆ ಮೊದಲೇ ಗೊತ್ತಿದ್ದನ್ನು ಬಚ್ಚಿಟ್ಟಿದ್ದರೆ ಓದುಗ ಬೆರಗಾಗುವುದಿಲ್ಲ, ಸಿಟ್ಟಾಗುತ್ತಾನೆ.

ಕೊರತೆ ಎಂದರೆ ಜನ ಹೆಚ್ಚು, ಹೊತ್ತು ಕಡಿಮೆ. ಸಂಜೆ ಅರ್ಧ ಮಂದಿಯ ಕಥೆಗಳು ಮಡಚಿದ ಹಾಗೇ ಉಳಿಯುತ್ತವೆ. ಚುಟುಕಕ್ಕೆ ಹತ್ತು ನಿಮಿಷವೂ ಸಿಗುವುದಿಲ್ಲ, ತಿರುವು ಕಲಿಯಲು ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲದಿದ್ದರೂ. ಹೋಗುವವರು ಒಂದು ಪುಟ ಮೀರದ ಕಥೆ ಬರೆದುಕೊಂಡೇ ಹೋಗಿ. ಬೇಸಿಗೆಯಲ್ಲಾದರೆ ತಲೆಗೊಂದು ಟೋಪಿ, ಬಂಡೆಯ ಬಿಸಿಲು ಕೆಟ್ಟದು.