ಥೈರಾಯ್ಡ್ ಮಾತ್ರೆ ಬಿಡಿಸುತ್ತೇವೆ ಎನ್ನುವವರಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

"ಮೂರು ತಿಂಗಳಲ್ಲಿ ಥೈರಾಯ್ಡ್ ಮಾತ್ರೆಯಿಂದ ಮುಕ್ತಿ" ಅನ್ನುವ ಜಾಹೀರಾತು ನಿಮ್ಮ ಫೋನಿಗೂ ಬಂದಿರಬಹುದು. ಅಂಥ ಒಂದು ಆನ್‌ಲೈನ್ ಕಾರ್ಯಕ್ರಮಕ್ಕೆ ಸೇರಿ ಮಾತ್ರೆ ನಿಲ್ಲಿಸಿದ ನನ್ನ ಅಕ್ಕ ಐಸಿಯುಗೆ ಹೋಗಿ ಬದುಕಿ ಬಂದಿದ್ದಾಳೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಡಾಕ್ಟರನ್ನು ಕೇಳದೆ ಮಾತ್ರೆ ಬಿಟ್ಟಿದ್ದರೆ, ಈಗ ಚೆನ್ನಾಗಿಯೇ ಇದ್ದರೂ, ದಯವಿಟ್ಟು ಅವರಿಗೆ ಇದನ್ನು ಓದಿ ಹೇಳಿ. ಆ "ಚೆನ್ನಾಗಿರುವುದೇ" ಇಲ್ಲಿ ಮೋಸದ ಜಾಗ.

ಅಕ್ಕ ಸಕಲೇಶಪುರದ ಕಡೆ ಶಾಲಾ ಶಿಕ್ಷಕಿ. ಹೈಪೋಥೈರಾಯ್ಡಿಸಮ್ (ಥೈರಾಯ್ಡ್ ಗ್ರಂಥಿ ಬೇಕಾದಷ್ಟು ಹಾರ್ಮೋನ್ ಮಾಡದಿರುವುದು) ಪತ್ತೆಯಾಗಿ ಬಹಳ ವರ್ಷಗಳಾಗಿವೆ. ಕಾರಣ ಹಶಿಮೊಟೊ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬಿದ್ದು ಅದನ್ನು ನಿಧಾನವಾಗಿ ಹಾಳುಮಾಡುವುದು. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ಶಸ್ತ್ರವೈದ್ಯ ಹಕಾರು ಹಶಿಮೊಟೊ ಅವರ ಹೆಸರೇ ಕಾಯಿಲೆಗೆ ಉಳಿದಿದೆ. ಹಿಂದೆ ಅಯೋಡಿನ್ ಸಾಲದೆ ಗಳಗಂಡ ಬರುತ್ತಿತ್ತು. ಅಯೋಡಿನ್ ಉಪ್ಪು ಮನೆಮನೆಗೆ ಬಂದ ಮೇಲೆ ಅದು ಕಡಿಮೆಯಾಗಿದೆ. ಈಗ ದೊಡ್ಡವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಥೈರಾಯ್ಡ್ ಸೋಲಲು ಹೆಚ್ಚಿನಂಶ ಕಾರಣ ಈ ಹಶಿಮೊಟೊ. ಭಾರತದ 8 ನಗರಗಳಲ್ಲಿ ವಯಸ್ಕರ ರಕ್ತ ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇ. 11 ಮಂದಿಗೆ ಹೈಪೋಥೈರಾಯ್ಡಿಸಮ್ ಇತ್ತು. ಈ ಜಾಹೀರಾತುಗಳು ಯಾಕೆ ಇಷ್ಟೊಂದು ಓಡಾಡುತ್ತವೆ ಅನ್ನುವುದು ಅಷ್ಟರಲ್ಲೇ ಅರ್ಥವಾಗುತ್ತದೆ.

ಚಿಕಿತ್ಸೆ ಬಹಳ ಸರಳ. ಗ್ರಂಥಿ ಮಾಡಲಾಗದ ಥೈರಾಕ್ಸಿನ್ ಹಾರ್ಮೋನನ್ನೇ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಚಿಕ್ಕ ಮಾತ್ರೆಯಾಗಿ ನುಂಗುವುದು. ಅಕ್ಕ ಹಾಗೇ ಮಾಡಿಕೊಂಡು, ಶಾಲೆ, ಮನೆ, ತೋಟ ಎಲ್ಲ ನೋಡಿಕೊಂಡು ಆರಾಮಾಗಿದ್ದಳು. ಅವಳನ್ನು ಕಾಡುತ್ತಿದ್ದುದು ಒಂದೇ ವಿಷಯ, "ಜೀವನಪೂರ್ತಿ ತಗೋಬೇಕು" ಅನ್ನುವ ಮಾತು. ಕೂದಲು ಉದುರಿದರೂ ಆ ಮಾತ್ರೆಯಿಂದ, ತೂಕ ಒಂದು ಕೆಜಿ ಏರಿದರೂ ಆ ಮಾತ್ರೆಯಿಂದ ಎಂದು ಸುತ್ತಲಿನವರು ಹೇಳುತ್ತಲೇ ಇದ್ದರು. ಅಕ್ಕನನ್ನು ದಡ್ಡಿ ಎಂದು ಯಾರೂ ಅಂದುಕೊಳ್ಳಬೇಡಿ. ಮಾತ್ರೆಯೇ ರೋಗ ಅಂತ ಹತ್ತು ಜನ ಹತ್ತು ವರ್ಷ ಹೇಳಿದರೆ ಯಾರ ಮನಸ್ಸಾದರೂ ಅಲ್ಲಾಡುತ್ತದೆ.

ಕಾರ್ಯಕ್ರಮದವರು ಹಿಡಿದದ್ದೂ ಆ ಭಯವನ್ನೇ. ಮುಂಗಡವಾಗಿ ದೊಡ್ಡ ಮೊತ್ತ ಕಟ್ಟಿಸಿಕೊಂಡರು. ವಾಟ್ಸಾಪ್ ಗುಂಪಿಗೆ ಸೇರಿಸಿದರು. ಒಂದು ಪುಡಿ, ಕೂದಲಿಗೆಂದು ಒಂದು ಡಬ್ಬಿ ಕ್ಯಾಪ್ಸೂಲ್, ಅಯೋಡಿನ್ ಉಪ್ಪಿನ ಬದಲು ಗುಲಾಬಿ ಬಣ್ಣದ ಕಲ್ಲುಪ್ಪು, ಕೋಸು ಹೂಕೋಸು ನಿಷೇಧ. "ಹೊರಗಿನಿಂದ ಹಾರ್ಮೋನ್ ಕೊಟ್ಟರೆ ಗ್ರಂಥಿ ಸೋಮಾರಿಯಾಗುತ್ತದೆ, ನಿಲ್ಲಿಸಿದರೆ ತಾನೇ ಎಚ್ಚೆತ್ತುಕೊಳ್ಳುತ್ತದೆ" ಎಂದು ವಿಡಿಯೊದಲ್ಲಿ ಪಾಠ. ಎರಡನೇ ವಾರಕ್ಕೆ ಮಾತ್ರೆ ಪೂರ್ತಿ ಬಂದ್. ಅದನ್ನು ಹೇಳಿದವರು ವೈದ್ಯರೇ ಅಲ್ಲ, "ಹೆಲ್ತ್ ಕೋಚ್".

ಮೊದಲ ಕೆಲವು ವಾರ ಅಕ್ಕ ಖುಷಿಯಾಗಿದ್ದಳು. ಬೆಳಗಿನ ನಡಿಗೆ, ಎಣ್ಣೆಯಿಲ್ಲದ ಊಟ, ತೂಕದಲ್ಲಿ ಒಂದಿಷ್ಟು ಇಳಿಕೆ, ಗುಂಪಿನಲ್ಲಿ ಚಪ್ಪಾಳೆ. ಇಲ್ಲಿ ನಿಂತು ಒಂದು ವಿಷಯ ಹೇಳಲೇಬೇಕು. ಬಿಪಿ ಮಾತ್ರೆ ತಪ್ಪಿದರೆ ಬಿಪಿ ಬೇಗ ಏರಬಹುದು. ಥೈರಾಕ್ಸಿನ್ ಹಾಗಲ್ಲ. ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು, ಉಳಿದರ್ಧದ ಅರ್ಧ ಇಳಿಯಲು ಇನ್ನೊಂದು ವಾರ. ಬೋರ್‌ವೆಲ್ ಮೋಟರ್ ಕೆಟ್ಟುಹೋದ ಮೇಲೂ ಟ್ಯಾಂಕಿನಲ್ಲಿರುವ ನೀರು ನಲ್ಲಿಯಲ್ಲಿ ಬರುತ್ತಲೇ ಇರುತ್ತದಲ್ಲ, ಹಾಗೆ. ಆ ಕೆಲವು ವಾರಗಳ ನೆಮ್ಮದಿಯನ್ನು ಇವರು ತಮ್ಮ ಪುಡಿಯ ಮಹಿಮೆ ಎಂದು ಮಾರುತ್ತಾರೆ.

ಆಮೇಲೆ ರಕ್ತಪರೀಕ್ಷೆ ಮಾಡಿಸಲು ಹೇಳಿದರು. ಟಿಎಸ್‌ಎಚ್ ನಾರ್ಮಲ್ ಬಂತು. (ಥೈರಾಕ್ಸಿನ್ ಕಡಿಮೆಯಾದಷ್ಟೂ ಏರುವ ಹಾರ್ಮೋನ್ ಇದು.) ಮಾತ್ರೆಯೇ ಇಲ್ಲದೆ ನಾರ್ಮಲ್! ಅವಳ ರಿಪೋರ್ಟಿನ ಫೋಟೊ ಗುಂಪಿನಲ್ಲಿ ಹಾಕಿ ಮೆರೆಸಿದರು. ಅದನ್ನು ನೋಡಿ ಮಾತ್ರೆ ಬಿಟ್ಟವರು ಎಷ್ಟು ಜನರೋ ಎಂದು ಅಕ್ಕನಿಗೆ ಇವತ್ತಿಗೂ ಸಂಕಟ.

ರಿಪೋರ್ಟು ನಾರ್ಮಲ್, ಮನುಷ್ಯಳು ಮಾತ್ರ ದಿನದಿನಕ್ಕೆ ಕುಸಿಯತೊಡಗಿದಳು. ಫೋನಿನಲ್ಲಿ ಅವಳ ದನಿ ದಪ್ಪವಾಗಿ, ನಾಲಗೆ ತೊಡರಿದಂತೆ ಕೇಳಿಸುತ್ತಿತ್ತು. ಕೇಳಿದರೆ "ಏನಿಲ್ಲ ಕಣೋ, ಬರೀ ಸುಸ್ತು" ಅನ್ನುತ್ತಿದ್ದಳು. ಮುಖ ಊದಿತು, ಚರ್ಮ ಒಣಗಿ ಸಿಪ್ಪೆ ಏಳತೊಡಗಿತು, ಮಲಬದ್ಧತೆ, ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ, ಮಧ್ಯಾಹ್ನದ ಬಿಸಿಲಲ್ಲೂ ಸ್ವೆಟರ್. ಮಕ್ಕಳ ಹೆಸರು ಮರೆಯುತ್ತಿದ್ದಳೆಂದು ಶಾಲೆಯಲ್ಲಿ ಸಹೋದ್ಯೋಗಿಗಳೇ ಭಾವನಿಗೆ ಹೇಳಿದರು. ಕೋಚ್‌ಗೆ ತಿಳಿಸಿದಾಗ ಬಂದ ಉತ್ತರ: "ಇದು ಹೀಲಿಂಗ್ ಕ್ರೈಸಿಸ್ ಮೇಡಂ, ವಿಷ ಹೊರಗೆ ಹೋಗ್ತಿದೆ, ಭಯಪಡಬೇಡಿ." ನನಗೆ ಸಿಟ್ಟು ಬರುವುದು ಈ ವಾಕ್ಯಕ್ಕೇ. ಕಾಯಿಲೆ ಜಾಸ್ತಿಯಾದಷ್ಟೂ ಔಷಧ ಕೆಲಸ ಮಾಡುತ್ತಿದೆ ಎಂದು ನಂಬಿಸಿದರೆ, ಆ ಮನುಷ್ಯ ಡಾಕ್ಟರ ಬಾಗಿಲಿಗೆ ಹೋಗುವ ದಾರಿಯೇ ಮುಚ್ಚಿತು.

ಪುಷ್ಯದ ಚಳಿ. ಅಕ್ಕನಿಗೆ ಕಫ ಕಟ್ಟಿತು. ನಿದ್ದೆ ಬರುವ ಕೆಮ್ಮಿನ ಸಿರಪ್ ಕುಡಿದು ಮಲಗಿದವಳು ಬೆಳಗ್ಗೆ ಏಳಲಿಲ್ಲ. "ಎಬ್ಬಿಸಿದ್ರೆ ಕಣ್ಣು ಬಿಟ್ಟು ಮತ್ತೆ ಮುಚ್ತಾಳೆ ಕಣಪ್ಪ, ಮೈ ಮಂಜಿನ ಥರ ಇದೆ" ಎಂದು ಭಾವ ಫೋನಿನಲ್ಲಿ ಅಳುತ್ತಿದ್ದರು. ಹಾಸನಕ್ಕೆ ಸಾಗಿಸಿದಾಗ ಮೈಯ ಉಷ್ಣತೆ 34 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ, ನಾಡಿ ತೀರಾ ನಿಧಾನ, ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿದಿತ್ತು, ಟಿಎಸ್‌ಎಚ್ 100 ದಾಟಿತ್ತು. ಸಾಮಾನ್ಯವಾಗಿ ಅದು 4ರ ಆಸುಪಾಸಿನೊಳಗೆ ಇರಬೇಕು. ವೈದ್ಯರು ಇದನ್ನು ಮಿಕ್ಸಿಡೀಮಾ ಕೋಮಾ ಅಂದರು. ಹಾರ್ಮೋನ್ ಬಹಳ ಕಾಲ ಇಲ್ಲದ ದೇಹಕ್ಕೆ ಚಳಿ, ಸೋಂಕು, ಮಂಪರಿನ ಔಷಧ ಇವುಗಳಲ್ಲಿ ಯಾವುದೊಂದು ತಗುಲಿದರೂ ಈ ಸ್ಥಿತಿ ಬರಬಹುದು. ಒಳ್ಳೆಯ ಚಿಕಿತ್ಸೆ ಸಿಕ್ಕರೂ ಹಲವರು ಉಳಿಯುವುದಿಲ್ಲ. ಮೊದಲು ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್, ಆಮೇಲೆ ಮೂಗಿನ ನಳಿಕೆಯಲ್ಲಿ ಥೈರಾಕ್ಸಿನ್ ಮಾತ್ರೆ ಅರೆದು ಕೊಟ್ಟರು. ಬಿಡಿಸಲು ಸಾವಿರಾರು ರೂಪಾಯಿ ಪಡೆದಿದ್ದರಲ್ಲ, ಅದೇ ಮಾತ್ರೆ.

ಹಾಗಾದರೆ ಆ ನಾರ್ಮಲ್ ರಿಪೋರ್ಟು? ಅಲ್ಲಿನ ಹಾರ್ಮೋನ್ ತಜ್ಞರು ಹಳೆಯ ರಿಪೋರ್ಟ್ ನೋಡಿ ಕೇಳಿದ ಮೊದಲ ಪ್ರಶ್ನೆ, "ಕೂದಲಿಗೆ ಏನಾದ್ರೂ ತಗೋತಿದ್ರಾ?" ಭಾವ ಡಬ್ಬಿ ತಂದು ತೋರಿಸಿದರು. ಪ್ರತಿ ಕ್ಯಾಪ್ಸೂಲಿನಲ್ಲಿ 10 ಮಿಲಿಗ್ರಾಂ ಬಯೋಟಿನ್ ಎಂಬ ವಿಟಮಿನ್. ದೇಹಕ್ಕೆ ದಿನಕ್ಕೆ ಬೇಕಾದದ್ದು ಇದರ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಬಯೋಟಿನ್ ಥೈರಾಯ್ಡಿಗೆ ಏನೂ ಮಾಡುವುದಿಲ್ಲ, ಅದು ಕೆಡಿಸುವುದು ಪರೀಕ್ಷೆಯನ್ನು. ಅನೇಕ ಲ್ಯಾಬ್ ಯಂತ್ರಗಳ ರಾಸಾಯನಿಕ ವಿಧಾನವೇ ಬಯೋಟಿನ್ ಮೇಲೆ ನಿಂತಿದೆ. ರಕ್ತದಲ್ಲಿ ಅದು ಜಾಸ್ತಿಯಿದ್ದರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆಯೂ, ಟಿ4 (ಥೈರಾಕ್ಸಿನ್) ಸುಳ್ಳಾಗಿ ಹೆಚ್ಚೂ ತೋರಿಸಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲೇ ಬಯೋಟಿನ್ ಹೀಗೆ ಲ್ಯಾಬ್ ಪರೀಕ್ಷೆಗಳನ್ನು ಕೆಡಿಸುತ್ತದೆಂದು ಎಚ್ಚರಿಕೆ ಕೊಟ್ಟಿದೆ. ಅಕ್ಕನ ರಿಪೋರ್ಟು ಹೀಗೇ ಕೆಟ್ಟಿರಬೇಕು ಎಂದರು ತಜ್ಞರು. ಆ ಕಂಪನಿಯವರು ಬೇಕೆಂದೇ ಕ್ಯಾಪ್ಸೂಲ್ ಕೊಟ್ಟರೋ, ತಿಳಿಯದೆ ಕೊಟ್ಟರೋ, ನಾನು ಆರೋಪ ಮಾಡಲಾರೆ. ಯಾವ ಕಾರಣಕ್ಕೇ ಆಗಲಿ ಬಯೋಟಿನ್ ನುಂಗುವವರು ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ, ಲ್ಯಾಬಿನಲ್ಲೂ ಡಾಕ್ಟರಿಗೂ ಹೇಳಿ. ಕೂದಲಿನ, ಉಗುರಿನ ಬಹಳಷ್ಟು ಮಾತ್ರೆಗಳಲ್ಲಿ ಇದು ಇರುತ್ತದೆ.

"ಆದರೆ ನಮ್ಮ ಪರಿಚಯದವರಿಗೆ ನಿಜವಾಗಿಯೂ ವಾಸಿಯಾಯ್ತಲ್ಲ" ಎಂದು ಕೇಳುವವರಿದ್ದಾರೆ. ಆಗಿರಬಹುದು. ಹೆರಿಗೆಯ ನಂತರದ ತಿಂಗಳುಗಳಲ್ಲಿ ಬರುವ ಥೈರಾಯ್ಡ್ ಉರಿಯೂತ ಎಷ್ಟೋ ಜನರಲ್ಲಿ ತಾನಾಗಿ ಇಳಿಯುತ್ತದೆ. ಟಿಎಸ್‌ಎಚ್ 10ಕ್ಕಿಂತ ಕಡಿಮೆ ಇದ್ದು ಟಿ4 ಸರಿಯಿದ್ದರೆ ಕೆಲವರಲ್ಲಿ ಮುಂದಿನ ಪರೀಕ್ಷೆಗೆ ಅದೇ ನಾರ್ಮಲ್ ಆಗುತ್ತದೆ. ಅಂಥವರಿಗೆ ಮಾತ್ರೆಯೇ ಬೇಕಾಗದಿರಬಹುದು. ವಾಸಿಯಾದವರ ವಿಡಿಯೊಗಳಲ್ಲಿ ಬಹಳಷ್ಟು ಇಂಥವರದೇ ಇರಬೇಕು ಎಂಬುದು ನನ್ನ ನಂಬಿಕೆ. ಹಶಿಮೊಟೊದಿಂದ ಗ್ರಂಥಿ ಹಾಳಾದವರು, ಆಪರೇಷನ್‌ನಲ್ಲಿ ಗ್ರಂಥಿ ತೆಗೆಸಿಕೊಂಡವರು, ಗ್ರಂಥಿಯನ್ನು ವಿಕಿರಣದಿಂದ ನಾಶಮಾಡುವ ರೇಡಿಯೊ ಅಯೋಡಿನ್ ಪಡೆದವರು ಆ ವಿಡಿಯೊ ನೋಡಿ ಮಾತ್ರೆ ಬಿಟ್ಟರೆ ಎಚ್ಚೆತ್ತುಕೊಳ್ಳಲು ಒಳಗೆ ಕೆಲಸ ಮಾಡುವ ಗ್ರಂಥಿಯೇ ಉಳಿದಿರುವುದಿಲ್ಲ. ಮಾತ್ರೆ ಬೇಡವೇನೋ ಅನ್ನಿಸಿದರೆ ಬರೆದುಕೊಟ್ಟ ಡಾಕ್ಟರನ್ನೇ ನೇರವಾಗಿ ಕೇಳಿ. ಬಸುರಿಯರಂತೂ ಒಂದು ದಿನವೂ ಬಿಡಕೂಡದು. ಗರ್ಭ ನಿಂತ ಕೂಡಲೇ ಅವರಿಗೆ ಸಾಮಾನ್ಯವಾಗಿ ಡೋಸ್ ಹೆಚ್ಚಿಸಬೇಕಾಗುತ್ತದೆ, ಮಗುವಿನ ಮಿದುಳು ಮೊದಲ ತಿಂಗಳುಗಳಲ್ಲಿ ಬೆಳೆಯುವುದು ತಾಯಿಯ ಹಾರ್ಮೋನ್‌ನಿಂದ.

ಮಾತ್ರೆ ತೆಗೆದುಕೊಂಡೂ ಸುಸ್ತು ಹೋಗದವರು ತೆಗೆದುಕೊಳ್ಳುವ ರೀತಿ ನೋಡಿಕೊಳ್ಳಿ. ಕಾಫಿಯ ಜೊತೆ ನುಂಗಿದರೆ ಮೈಗೆ ಪೂರ್ತಿ ಹತ್ತುವುದಿಲ್ಲ. ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಡೋಸ್ ಬದಲಾದರೆ ಪರೀಕ್ಷೆಗೆ ಆರೆಂಟು ವಾರ ಕಾಯಬೇಕು. ಉಪ್ಪು ಅಯೋಡಿನ್‌ನದೇ ಇರಲಿ. ಬೇಯಿಸಿದ ಕೋಸು ತಿನ್ನಲು ಹೆದರಬೇಡಿ.

ಭಾವ ಬಿಲ್ಲು, ಡಬ್ಬಿ, ಚಾಟ್ ಸ್ಕ್ರೀನ್‌ಶಾಟ್ ಎಲ್ಲ ಸೇರಿಸಿ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಟ್ಟಿದ್ದಾರೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿ, ವಾಸಿಮಾಡುತ್ತೇವೆಂದು ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯಲ್ಲಿ ಗಳಗಂಡವೂ ಇದೆ. ದುಡ್ಡು ವಾಪಸ್ ಬರುತ್ತದೆಂಬ ಆಸೆ ನಮಗಿಲ್ಲ. ಅಕ್ಕ ಶಾಲೆಗೆ ಹೋಗುತ್ತಿದ್ದಾಳೆ, ದನಿ ಮೊದಲಿನಂತಾಗಿದೆ, ಮರೆವು ಮಾತ್ರ ಇನ್ನೂ ಸ್ವಲ್ಪ ಉಳಿದಿದೆ.

ಅಕ್ಕನನ್ನು ಆ ಗುಂಪಿನಿಂದ ತೆಗೆದುಹಾಕಿದ್ದಾರೆ, ಹಾಗಾಗಿ ಅಲ್ಲಿರುವವರಿಗೆ ಹೇಳಲು ಅವಳಿಗೆ ಬೇರೆ ದಾರಿಯಿಲ್ಲ. ನೀವು ಇಂಥ ಯಾವುದೇ ಗುಂಪಿನಲ್ಲಿದ್ದು ಮಾತ್ರೆ ಬಿಟ್ಟಿದ್ದರೆ, ಕೂದಲಿನ ಕ್ಯಾಪ್ಸೂಲ್ ಇವತ್ತೇ ನಿಲ್ಲಿಸಿ, ನಿಮ್ಮ ಹಳೆಯ ಡಾಕ್ಟರನ್ನು ಈ ವಾರವೇ ಕಂಡು, ಎರಡು ದಿನ ಬಿಟ್ಟು ಟಿಎಸ್‌ಎಚ್ ಮತ್ತು ಫ್ರೀ ಟಿ4 ಎರಡನ್ನೂ ಮಾಡಿಸಿ. ಮುಖ ಊದಿ, ದನಿ ದಪ್ಪವಾಗಿ, ಚಳಿ ತಡೆಯಲಾಗದೆ, ಹಗಲೆಲ್ಲ ತೂಕಡಿಕೆ ಬರುತ್ತಿದ್ದರೆ ರಿಪೋರ್ಟಿಗೆ ಕಾಯದೆ ಇವತ್ತೇ ಆಸ್ಪತ್ರೆಗೆ ಹೋಗಿ. ಹೋದ ತಕ್ಷಣ "ಥೈರಾಯ್ಡ್ ಮಾತ್ರೆ ನಿಲ್ಲಿಸಿದ್ದೆ" ಎಂದು ಮೊದಲು ಹೇಳಿ.