ನಾಲ್ಕು ಸ್ಟಾರ್, ಎರಡು ಕತ್ತೆ

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಒಂದು ಕತ್ತೆಯ ವಿಷಯಕ್ಕೆ. ಅಲ್ಲ, ಎರಡು ಕತ್ತೆ. ಅದೇ ನನ್ನ ತಕರಾರು, ಆಮೇಲೆ ಹೇಳುತ್ತೇನೆ.

ಮೊದಲು ಪುಸ್ತಕ ಏನು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಮುಖಪುಟ ನೋಡಿ ಪೂರ್ತಿ ಬೈಬಲ್ ಅಂದುಕೊಂಡು ತರಿಸಿಕೊಂಡವರು ಇದ್ದಾರೆ. ಇದು ಪೂರ್ತಿ ಬೈಬಲ್ ಅಲ್ಲ. ಮತ್ತಾಯ, ಮಾರ್ಕ, ಲೂಕ, ಯೋಹಾನ, ಯೇಸುವಿನ ಬದುಕಿನ ಕಥೆ ಹೇಳುವ ಈ ನಾಲ್ಕು ಸುವಾರ್ತೆ ಮಾತ್ರ. ಎಡಪುಟದಲ್ಲಿ ಸುವಾರ್ತೆ. ಬಲಪುಟದಲ್ಲಿ ಆ ಜಾಗಕ್ಕೆ ಸಂಬಂಧಪಟ್ಟ ಹಳೆ ಒಡಂಬಡಿಕೆಯ (ಯೇಸುವಿಗೂ ಮೊದಲಿನ ಯೆಹೂದ್ಯರ ಗ್ರಂಥಗಳು) ವಾಕ್ಯಗಳು, ಅದರ ಕೆಳಗೆ ಟಿಪ್ಪಣಿ. ಇಡೀ ಪುಸ್ತಕ ಹಿಡಿದುಕೊಂಡಿರುವುದು ಎರಡೇ ವಿಷಯ: ಯೇಸು ಯಾವ ಅರ್ಥದಲ್ಲಿ ಅರಸ, ಮತ್ತೆ "ಪ್ರವಾದಿಯ ಮುಖಾಂತರ ಹೇಳಿದ ಮಾತು ನೆರವೇರಿತು" ಅಂತ ಸುವಾರ್ತೆ ಬರೆದವರು ಪದೇ ಪದೇ ಯಾಕೆ ಹೇಳುತ್ತಾರೆ.

ನಾನು ಇಷ್ಟು ವರ್ಷ ಓದಿದ್ದು ಸಾಮಾನ್ಯ ರೆಫರೆನ್ಸ್ ಬೈಬಲ್. ಅದರಲ್ಲಿ ನಡುವೆ ಒಂದು ಸಣ್ಣ ಕಾಲಂ, ಇರುವೆ ಗಾತ್ರದ ಅಕ್ಷರದಲ್ಲಿ "ಯೆಶಾ 7:14", "ಮೀಕ 5:2" ಅಂತ, ಅಂದರೆ ಪ್ರವಾದಿಯ ಹೆಸರು, ಅಧ್ಯಾಯ, ವಾಕ್ಯ, ಇಷ್ಟೇ ಇರುತ್ತದೆ. ನಿಜ ಹೇಳಬೇಕೆಂದರೆ ಹತ್ತರಲ್ಲಿ ಒಂದು ಸಲವೂ ಪುಟ ತಿರುವಿ ನೋಡಿದವನಲ್ಲ ನಾನು. ಉಲ್ಲೇಖ ಇದೆ ಅಲ್ವಾ, ಸರಿ ಇರುತ್ತದೆ ಅಂತ ಮುಂದೆ ಹೋಗುತ್ತಿದ್ದೆ. ಇಲ್ಲಿ ಆ ವಾಕ್ಯ ಕಣ್ಣೆದುರಿಗೇ ಬಂದು ಕೂತಿರುತ್ತದೆ, ತಪ್ಪಿಸಿಕೊಳ್ಳುವ ಹಾಗಿಲ್ಲ.

ಶುರುವಾಗುವುದೇ ಮತ್ತಾಯನ ವಂಶಾವಳಿಯಿಂದ. ಅಬ್ರಹಾಮನಿಂದ ಹಿಡಿದು ಹೆಸರು ಹೆಸರು ಹೆಸರು, ಎಲ್ಲರೂ ಹಾರಿಸಿ ಓದುವ ಜಾಗ. ಬಲಪುಟದಲ್ಲಿ 2 ಸಮುವೇಲ 7 ಇಟ್ಟಿದ್ದಾರೆ. ಅರಸ ದಾವೀದ ದೇವರಿಗೆ ಒಂದು ಮನೆ ಕಟ್ಟುತ್ತೇನೆ ಅನ್ನುತ್ತಾನೆ. ನೀನು ನನಗೆ ಕಟ್ಟುವುದು ಬೇಡ, ನಾನೇ ನಿನಗೆ ಮನೆ ಕಟ್ಟುತ್ತೇನೆ, ನಿನ್ನ ಸಿಂಹಾಸನ ಎಂದೆಂದಿಗೂ ನಿಲ್ಲುತ್ತದೆ ಅಂತ ನಾತಾನ ಅನ್ನುವ ಪ್ರವಾದಿಯ ಕೈಲಿ ದೇವರು ಹೇಳಿ ಕಳಿಸುತ್ತಾನೆ. ಟಿಪ್ಪಣಿ ಅಲ್ಲಿಂದ ನೇರ ಕ್ರಿ.ಪೂ. 586ಕ್ಕೆ ಬರುತ್ತದೆ. ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟರು, ದೇವಾಲಯ ಹೋಯಿತು, ಆಮೇಲೆ ದಾವೀದನ ವಂಶದ ಯಾರೂ ಆ ಸಿಂಹಾಸನದ ಮೇಲೆ ಕೂರಲಿಲ್ಲ. ಮಾತು ಉಳಿಯಿತು, ಅರಸ ಉಳಿಯಲಿಲ್ಲ. ಇಷ್ಟು ಓದಿ ಎಡಕ್ಕೆ ಬಂದರೆ ಆ ಹೆಸರುಗಳ ಪಟ್ಟಿ ಪಟ್ಟಿಯ ಹಾಗೆ ಕಾಣುವುದೇ ಇಲ್ಲ, ಐನೂರಕ್ಕೂ ಹೆಚ್ಚು ವರ್ಷ ಖಾಲಿ ಬಿದ್ದಿದ್ದ ಕುರ್ಚಿಗೆ ಒಬ್ಬರು ಹಕ್ಕುಪತ್ರ ತಂದು ಮುಂದಿಟ್ಟ ಹಾಗೆ ಕಾಣುತ್ತದೆ.

ಮತ್ತಾಯ ಅದನ್ನು 14, 14, 14 ಅಂತ ಮೂರು ಗುಂಪು ಮಾಡುತ್ತಾನೆ. ಹೀಬ್ರೂನಲ್ಲಿ ಅಕ್ಷರಗಳೇ ಅಂಕಿ ಕೂಡ. ದಾವೀದ್ ಅನ್ನುವ ಹೆಸರಿನ ಮೂರು ಅಕ್ಷರಕ್ಕೆ 4, 6, 4. ಕೂಡಿದರೆ 14. ಇದನ್ನು ಓದಿ ನಾನು ಪೆನ್ಸಿಲ್ ತಗೊಂಡು ಎಣಿಸಲು ಕೂತೆ. ಕೊನೆಯ ಗುಂಪಿನಲ್ಲಿ 13 ಹೆಸರೇ ಸಿಕ್ಕಿತು. ಮತ್ತೆ ಎಣಿಸಿದೆ, 13. ಕೆಳಗೆ ನೋಡಿದರೆ ಟಿಪ್ಪಣಿಯಲ್ಲೇ ಅದನ್ನು ಒಪ್ಪಿಕೊಂಡಿದ್ದಾರೆ, ಜೊತೆಗೆ ಯೋರಾಮನಿಗೂ ಉಜ್ಜೀಯನಿಗೂ ನಡುವೆ ಮೂವರು ಅರಸರನ್ನು ಮತ್ತಾಯ ಬಿಟ್ಟಿದ್ದಾನೆ ಅಂತಲೂ ಬರೆದಿದ್ದಾರೆ. ಅಂದರೆ ಇದು ಜನನ ದಾಖಲೆಯಲ್ಲ, ದಾವೀದ ದಾವೀದ ದಾವೀದ ಅಂತ ಮೂರು ಸಲ ಕೂಗಿ ಹೇಳುವ ರೀತಿ. ಈ ಪ್ರಾಮಾಣಿಕತೆ ನೋಡಿ ಪುಸ್ತಕದ ಮೇಲೆ ನಂಬಿಕೆ ಬಂತು.

ಮತ್ತಾಯನ ಎರಡನೇ ಅಧ್ಯಾಯ ಇನ್ನೂ ಚೆನ್ನಾಗಿದೆ. ಯೇಸು ಹುಟ್ಟಿದಾಗ ಯೂದಾಯವನ್ನು ಆಳುತ್ತಿದ್ದ ಹೆರೋದನನ್ನು ಅರಸ ಅಂತ ಕರೆದದ್ದು ರೋಮಿನ ಸೆನೆಟ್, ಕ್ರಿ.ಪೂ. 40ರಲ್ಲಿ. ಮೂಡಣದಿಂದ ಬಂದ ಜೋಯಿಸರು ಅವನ ಊರಿಗೇ ಬಂದು "ಯೆಹೂದ್ಯರ ಅರಸನಾಗಿ ಹುಟ್ಟಿದವನು ಎಲ್ಲಿ" ಅಂತ ಕೇಳುತ್ತಾರೆ. "ಹುಟ್ಟಿದವನು" ಅನ್ನುವ ಪದದ ಕೆಳಗೆ ನಾನು ಗೆರೆ ಎಳೆದಿದ್ದೇನೆ. ಕುರ್ಚಿ ಮೇಲೆ ಕೂತವನು ರೋಮ್ ಮಾಡಿದ ಅರಸ, ಇವರು ಕೇಳುತ್ತಿರುವುದು ಹುಟ್ಟಿದ ಅರಸನನ್ನು. ಹೆರೋದನಿಗೆ ಯಾಕೆ ಅಷ್ಟು ಕಳವಳ ಆಯಿತು ಅಂತ ಬೇರೆ ವಿವರಣೆ ಬೇಕಾ?

ಈಗ ಬೇಸರದ ಜಾಗಕ್ಕೆ ಬರೋಣ. ಯೆಶಾಯ 7:14, ಇಮ್ಮಾನುವೇಲನ ವಾಕ್ಯ: ಕನ್ಯೆ ಗರ್ಭಿಣಿಯಾಗಿ ಮಗನನ್ನು ಹೆತ್ತು ಅವನಿಗೆ ಇಮ್ಮಾನುವೇಲ ಅಂತ ಹೆಸರಿಡುವಳು, ಇದೇ ಗುರುತು ಅನ್ನುವುದು. ಇಡೀ ಪುಸ್ತಕದಲ್ಲಿ ಜಾಸ್ತಿ ಜನ ಹುಡುಕಿಕೊಂಡು ಬರುವ ಜಾಗ ಇದೇ ಇರಬೇಕು. ಬಲಪುಟದಲ್ಲಿ ಒಂದೇ ಒಂದು ವಾಕ್ಯ ಹಾಕಿ, ಕೆಳಗೆ "ಇದು ಯೇಸುವಿನಲ್ಲಿ ನೆರವೇರಿತು" ಅಂತ ಬರೆದು ಮುಗಿಸಿದ್ದಾರೆ. ಅರ್ಧ ಪುಟ ಖಾಲಿ ಬಿಟ್ಟಿದ್ದಾರೆ, ಆ ಜಾಗದಲ್ಲಿ ಎರಡು ವಾಕ್ಯ ಮುಂದೆ ಹೋಗಬಹುದಿತ್ತು. ಅಲ್ಲಿ ಪ್ರವಾದಿ ಯೆಶಾಯ ಮಾತಾಡುತ್ತಿರುವುದು ಯೆರೂಸಲೇಮಿನಲ್ಲಿ ಆಳುತ್ತಿದ್ದ ಆಹಾಜ ಅನ್ನುವ ಅರಸನ ಹತ್ತಿರ. ಸಿರಿಯಾದ ಅರಸ, ಇಸ್ರಾಯೇಲಿನ ಅರಸ ಇಬ್ಬರೂ ಸೇರಿ ಯೆರೂಸಲೇಮಿನ ಮೇಲೆ ಬರುತ್ತಿದ್ದಾರೆ, ಆಹಾಜನ ಎದೆ ಗಾಳಿಗೆ ಸಿಕ್ಕ ಕಾಡಿನ ಮರದ ಹಾಗೆ ನಡುಗುತ್ತಿದೆ. ಆ ಮಗುವಿಗೆ ಕೆಟ್ಟದ್ದು ಒಳ್ಳೆಯದು ತಿಳಿಯುವ ವಯಸ್ಸು ಬರುವುದರೊಳಗೆ ಆ ಇಬ್ಬರು ಅರಸರ ದೇಶ ಹಾಳುಬೀಳುತ್ತದೆ, ಇದು 16ನೇ ವಾಕ್ಯ. ಅಂದರೆ ಗುರುತು ಮೊದಲು ಆ ಕಾಲಕ್ಕೆ, ಆ ಹೆದರಿದ ಮನುಷ್ಯನಿಗೆ. ಹೀಬ್ರೂ ಮೂಲದಲ್ಲಿರುವ ಪದಕ್ಕೆ ಯುವತಿ ಅಂತ ಅರ್ಥ. ಗ್ರೀಕ್ ಅನುವಾದದಲ್ಲಿ ಅದು ಕನ್ಯೆ ಆಯಿತು, ಮತ್ತಾಯ ಹಿಡಿದುಕೊಂಡದ್ದು ಗ್ರೀಕ್ ಪದವನ್ನು. ಯೆಹೂದ್ಯ ಓದುಗರು ಇವತ್ತಿಗೂ ಈ ವಾಕ್ಯವನ್ನು ಆಹಾಜನ ಕಾಲದ ಮಾತು ಅಂತಲೇ ಓದುತ್ತಾರೆ. ಇದನ್ನೆಲ್ಲ ಹೇಳಿದರೆ ಓದುವವರ ನಂಬಿಕೆ ಅಲುಗಾಡುತ್ತದೆ ಅಂತ ಸಂಪಾದಕರಿಗೆ ಭಯವೇನೋ. ನನಗಂತೂ ಮುಚ್ಚಿಟ್ಟಿದ್ದೇ ಜಾಸ್ತಿ ಕಿರಿಕಿರಿ ಮಾಡಿತು.

ತಮಾಷೆ ಏನೆಂದರೆ ಇದಕ್ಕೆ ಉತ್ತರ ಇದೇ ಪುಸ್ತಕದಲ್ಲಿ, ನಾಲ್ಕು ಪುಟ ಆಚೆ ಇದೆ. "ಐಗುಪ್ತದಿಂದ ನನ್ನ ಮಗನನ್ನು ಕರೆದೆನು" ಅಂತ ಮತ್ತಾಯ ಪ್ರವಾದಿ ಹೋಶೇಯನ ಮಾತು ಎತ್ತುತ್ತಾನೆ, ಹೆರೋದನಿಂದ ತಪ್ಪಿಸಿ ಐಗುಪ್ತಕ್ಕೆ (ಈಜಿಪ್ಟ್) ಕರೆದೊಯ್ದಿದ್ದ ಮಗು ಯೇಸುವಿನ ವಿಷಯಕ್ಕೆ. ಇಲ್ಲಿ ಅದೃಷ್ಟಕ್ಕೆ ಹೋಶೇಯ 11ರ ಮೊದಲ ಎರಡು ವಾಕ್ಯವನ್ನೂ ಹಾಕಿದ್ದಾರೆ. ಓದಿದರೆ ಅದು ಮುಂದೆ ಆಗುವುದರ ಬಗ್ಗೆ ಅಲ್ಲವೇ ಅಲ್ಲ! ಹಿಂದೆ ಆಗಿಹೋದದ್ದು. ಇಸ್ರಾಯೇಲ್ ಮಗುವಾಗಿದ್ದಾಗ ಕರೆತಂದೆ, ಕರೆದಷ್ಟೂ ದೂರ ಹೋದರು ಅಂತ ದೇವರ ನೋವು. ಹಾಗಾದರೆ "ನೆರವೇರಿತು" ಅಂದರೆ ಭವಿಷ್ಯ ನಿಜ ಆಯಿತು ಅಂತ ಅಲ್ಲ. ಅಲ್ಲಿರುವ ಗ್ರೀಕ್ ಕ್ರಿಯಾಪದದ ಮೊದಲ ಅರ್ಥ ತುಂಬು, ಭರ್ತಿ ಮಾಡು. ಅರ್ಧ ತುಂಬಿದ್ದ ಕೊಡ ಕಂಠಮಟ್ಟ ತುಂಬಿತು ಅನ್ನುವ ಹಾಗೆ. ಇಡೀ ಜನಾಂಗ ನಡೆದು ಎಡವಿದ ದಾರಿಯಲ್ಲೇ ಈ ಒಬ್ಬ ಮಗ ಮತ್ತೆ ನಡೆಯುತ್ತಾನೆ, ಈ ಸಲ ಎಡವದೆ. ಮತ್ತಾಯ ಹೇಳುತ್ತಿರುವುದು ಇದು ಅಂತ ನನ್ನ ಓದು. ಇದೇ ಕಣ್ಣಲ್ಲಿ ಇಮ್ಮಾನುವೇಲನ ವಾಕ್ಯ ನೋಡಿದರೆ ಆಹಾಜನನ್ನು ಬಚ್ಚಿಡುವ ಅಗತ್ಯವೇ ಇರಲಿಲ್ಲ.

ಒಂದು ಪುಟಕ್ಕೆ ಮಾತ್ರ ಚಪ್ಪಾಳೆ. "ನಜರೇತಿನವನೆಂದು ಕರೆಸಿಕೊಳ್ಳುವನು" ಅಂತ ಪ್ರವಾದಿಗಳು ಹೇಳಿದ್ದು ನೆರವೇರಿತು ಅಂತ ಮತ್ತಾಯ 2:23ರಲ್ಲಿದೆ. ಅಂಥ ವಾಕ್ಯ ಹಳೆ ಒಡಂಬಡಿಕೆಯಲ್ಲಿ ಎಲ್ಲೂ ಇಲ್ಲ. ಬಲಪುಟವನ್ನು ಹಾಗೇ ಬಿಳಿಯಾಗಿ ಬಿಟ್ಟು, ಕೆಳಗೆ ಎರಡೇ ಸಾಲು ಬರೆದಿದ್ದಾರೆ: ಈ ಮಾತು ಹೀಗೇ ಎಲ್ಲೂ ಸಿಗುವುದಿಲ್ಲ, ಯೆಶಾಯ 11:1ರಲ್ಲಿ ಚಿಗುರು ಅನ್ನುವುದಕ್ಕಿರುವ ಹೀಬ್ರೂ ಪದ 'ನೇಚೆರ್' ಇದಕ್ಕೆ ಹತ್ತಿರ ಇರಬಹುದು. ಮೊದಲು ಪ್ರಿಂಟ್ ತಪ್ಪು ಅಂದುಕೊಂಡೆ. ಆಮೇಲೆ ನಗು ಬಂತು. 27:9ರಲ್ಲಿ ಯೆರೆಮೀಯನ ಹೆಸರು ಹೇಳಿ ಹೆಚ್ಚುಕಡಿಮೆ ಜೆಕರ್ಯನ ಮಾತು ಬರೆದಿರುವುದನ್ನೂ ಇದೇ ಥರ ಸುತ್ತಿ ಬಳಸದೆ ಹೇಳಿದ್ದಾರೆ.

ಸರಿ, ಕತ್ತೆ. ಮತ್ತಾಯ 21. ಯೇಸು ಯೆರೂಸಲೇಮಿಗೆ ಬರುವ ದಿನ. ಮಾರ್ಕ, ಲೂಕ, ಯೋಹಾನ ಮೂವರಲ್ಲೂ ಒಂದೇ ಪ್ರಾಣಿ. ಮತ್ತಾಯನಲ್ಲಿ ಕತ್ತೆಯೂ ಇದೆ, ಮರಿಯೂ ಇದೆ, ಶಿಷ್ಯರು ಅವುಗಳ ಮೇಲೆ ಬಟ್ಟೆ ಹಾಕುತ್ತಾರೆ, ಯೇಸು "ಅವುಗಳ ಮೇಲೆ" ಕೂರುತ್ತಾನೆ. ಯಾವುದರ ಮೇಲೆ? ಬಲಪುಟದಲ್ಲಿ ಜೆಕರ್ಯ 9:9: ಇಗೋ ನಿನ್ನ ಅರಸ ಬರುತ್ತಾನೆ, ಕತ್ತೆಯನ್ನೇರಿ, ಕತ್ತೆಮರಿಯನ್ನೇರಿ. ಹೀಬ್ರೂ ಕವಿತೆಯಲ್ಲಿ ಒಂದೇ ಮಾತನ್ನು ಎರಡು ಸಲ ಬೇರೆ ಬೇರೆ ರೀತಿ ಹೇಳುವುದು ಪದ್ಧತಿ, ಇರುವುದು ಒಂದೇ ಕತ್ತೆ. ಮತ್ತಾಯ ಅದನ್ನು ಅಕ್ಷರಶಃ ತಗೊಂಡನಾ, ಅಥವಾ ಕವಿತೆ ಗೊತ್ತಿದ್ದೂ ಒಂದು ಪದವನ್ನೂ ಬಿಡಬಾರದು ಅಂತ ಬೇಕೆಂದೇ ಎರಡನ್ನೂ ತಂದನಾ, ಇದರ ಬಗ್ಗೆ ಓದಿದವರಲ್ಲಿ ದೊಡ್ಡ ಚರ್ಚೆಯೇ ಇದೆ. ನಮ್ಮ ಟಿಪ್ಪಣಿ ಏನು ಹೇಳುತ್ತದೆ ಗೊತ್ತಾ? ತಾಯಿ ಪಕ್ಕದಲ್ಲಿದ್ದರೆ ಮರಿ ಹೆದರುವುದಿಲ್ಲ. ಅಷ್ಟೇ. ಮುಂದಿನ ವಾಕ್ಯ.

ಅದನ್ನಾದರೂ ಕ್ಷಮಿಸುತ್ತಿದ್ದೆ. ಆದರೆ ಬಲಪುಟ 9:9ಕ್ಕೇ ನಿಂತಿದೆ. 10ನೇ ವಾಕ್ಯ ಇಲ್ಲ! ಆ ಅರಸ ಬಂದಾಗ ಎಫ್ರಾಯೀಮಿನಿಂದ ರಥಗಳು, ಯೆರೂಸಲೇಮಿನಿಂದ ಕುದುರೆಗಳು ಇಲ್ಲವಾಗುತ್ತವೆ, ಯುದ್ಧದ ಬಿಲ್ಲು ಮುರಿಯುತ್ತದೆ, ಅವನು ಜನಾಂಗಗಳಿಗೆ ಶಾಂತಿ ಹೇಳುತ್ತಾನೆ, ಇದು 10. ಕತ್ತೆ ಯಾಕೆ ಅನ್ನುವುದು ಅರ್ಥ ಆಗುವುದೇ ಅಲ್ಲಿ. ಸುಮ್ನೆ ಬಡತನ ತೋರಿಸಲು ಅಲ್ಲ. ದಾವೀದನ ಹೇಸರಗತ್ತೆಯ ಮೇಲೆ ಸೊಲೊಮೋನನನ್ನು ಕೂರಿಸಿ ಪಟ್ಟಕ್ಕೆ ಕರೆದುಕೊಂಡು ಹೋದ ಕಥೆ 1 ಅರಸುಗಳು ಮೊದಲ ಅಧ್ಯಾಯದಲ್ಲಿದೆ, ಯೇಹು ಅರಸ ಅಂತ ಕೂಗಿ ಅವನ ಕಾಲಡಿಗೆ ಬಟ್ಟೆ ಹಾಸಿದ ಕಥೆ 2 ಅರಸುಗಳು 9ರಲ್ಲಿದೆ. ನೋಡುತ್ತಿದ್ದ ಜನಕ್ಕೆ ಇವೆಲ್ಲ ಗೊತ್ತು, ಅದಕ್ಕೇ ಬಟ್ಟೆ ಹಾಸಿ ದಾವೀದನ ಕುಮಾರನಿಗೆ ಹೊಸನ್ನ ಅಂತ ಜಯಕಾರ ಕೂಗಿದ್ದು. ಇದು ಪಟ್ಟಾಭಿಷೇಕದ ಮೆರವಣಿಗೆ, ಆದರೆ ಯುದ್ಧದ ಕುದುರೆ ಇಲ್ಲದ ಮೆರವಣಿಗೆ. ಇಷ್ಟೂ ಬಿಟ್ಟು ಮರಿ ಹೆದರುತ್ತದೆ ಅಂತೆ. ಆ ಒಂದು ಸ್ಟಾರ್ ಹೋದದ್ದು ಇಲ್ಲಿ.

ಕೊನೆಯ ಭಾಗ ಮಾತ್ರ ಅದ್ಭುತ, ಪುಸ್ತಕ ತಗೊಂಡದ್ದಕ್ಕೆ ಅದೊಂದೇ ಸಾಕು. ಯೋಹಾನ 18, 19. ಪಿಲಾತ ಕ್ರಿ.ಶ. 26ರಿಂದ 36ರವರೆಗೆ ಯೂದಾಯದಲ್ಲಿ ರೋಮಿನ ಅಧಿಕಾರಿ. ಕೈಸರೈಯದಲ್ಲಿ 1961ರಲ್ಲಿ ಸಿಕ್ಕಿದ, ಅವನ ಹೆಸರು ಕೆತ್ತಿದ ಕಲ್ಲಿನ ಚಿತ್ರವನ್ನು ಹಾಕಿದ್ದಾರೆ. ಸಿಪಾಯಿಗಳ ಗೇಲಿಯನ್ನು ಟಿಪ್ಪಣಿ ಒಂದೊಂದಾಗಿ ಬಿಡಿಸುತ್ತದೆ. ನಿಲುವಂಗಿ ತೊಡಿಸುತ್ತಾರೆ, ಕಿರೀಟ ಇಡುತ್ತಾರೆ, ಅರಸನೇ ನಮಸ್ಕಾರ ಅನ್ನುತ್ತಾರೆ. ಪಟ್ಟಾಭಿಷೇಕಕ್ಕೆ ಬೇಕಾದದ್ದೆಲ್ಲ ಇದೆ, ಕಿರೀಟ ಮಾತ್ರ ಮುಳ್ಳಿನದು. ಶಿಲುಬೆಯ ಮೇಲಿನ "ಯೆಹೂದ್ಯರ ಅರಸ" ಅನ್ನುವ ಬರಹ ಹೀಬ್ರೂ, ಲ್ಯಾಟಿನ್, ಗ್ರೀಕ್ ಮೂರರಲ್ಲೂ ಇತ್ತು. ಮುಖ್ಯ ಯಾಜಕರು ಬಂದು "ಅರಸ ಅಂತ ಬರೆಯಬೇಡ, ಅರಸನೆಂದು ಅವನು ಹೇಳಿಕೊಂಡ ಅಂತ ಬರೆ" ಅನ್ನುತ್ತಾರೆ. ಬರೆದದ್ದು ಬರೆದಾಯಿತು ಅನ್ನುತ್ತಾನೆ ಪಿಲಾತ. ಅವನು ಹಾಸ್ಯಕ್ಕೆ ಬರೆಸಿದ್ದು, ಯೋಹಾನನ ಕಣ್ಣಿಗೆ ಅದು ಘೋಷಣೆ.

ಇಲ್ಲಿ ಬಲಪುಟದಲ್ಲಿ ಕೀರ್ತನೆ 22 ಪೂರ್ತಿ ಇದೆ, 31 ವಾಕ್ಯವೂ. ನನ್ನ ದೇವರೇ ಯಾಕೆ ಕೈಬಿಟ್ಟೆ ಅಂತ ಶುರುವಾಗಿ, ಬಟ್ಟೆಗೆ ಚೀಟಿ ಹಾಕುವುದನ್ನು ದಾಟಿ, ರಾಜ್ಯವು ಯೆಹೋವನದೇ ಅಂತ 28ರಲ್ಲಿ ಬಂದು ಮುಟ್ಟುತ್ತದೆ. ಬರೀ ಮೊದಲ ಸಾಲು ಕೇಳಿದವರಿಗೆ ಆ ಕೊನೆ ಗೊತ್ತಾಗುವುದಿಲ್ಲ. "ಕೈಸರನ ಹೊರತು ನಮಗೆ ಬೇರೆ ಅರಸನಿಲ್ಲ" (ಕೈಸರ ಅಂದರೆ ರೋಮಿನ ಚಕ್ರವರ್ತಿ) ಅನ್ನುವ ಮಾತಿನ ಎದುರಿಗೆ 1 ಸಮುವೇಲ 8:7 ಇಟ್ಟಿದ್ದಾರೆ, ಜನ ತಮಗೊಬ್ಬ ಅರಸ ಬೇಕು ಅಂದಾಗ ದೇವರು ಸಮುವೇಲನಿಗೆ ಹೇಳಿದ್ದು: ಅವರು ತಿರಸ್ಕರಿಸಿದ್ದು ನಿನ್ನನ್ನಲ್ಲ, ನಾನು ಅವರ ಅರಸನಾಗಿರುವುದನ್ನು. ಇದು ಪ್ರವಾದನೆ ಅಲ್ಲ, ಯೋಹಾನ ಎಲ್ಲೂ ಇದನ್ನು ಉಲ್ಲೇಖಿಸಿಲ್ಲ. ಆದರೂ ಸಂಪಾದಕರು ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೂ ಟಿಪ್ಪಣಿ ಬರೆಯದೆ ಬಿಟ್ಟಿದ್ದಾರೆ. ಓದಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಒಂದೇ ಒಂದು ಸಾಲು ಬೇಕಿತ್ತು, ಆ ಮಾತು ಆಡಿದ್ದು ಕೆಲವು ಮುಖ್ಯ ಯಾಜಕರು, ಇಡೀ ಯೆಹೂದ್ಯ ಜನ ಅಲ್ಲ ಅಂತ. ಈ ವಾಕ್ಯ ಹಿಡಿದು ಆ ಜನಕ್ಕೆ ಏನೇನು ಮಾಡಿದ್ದಾರೆ ಅನ್ನುವುದು ಇತಿಹಾಸ ಓದಿದವರಿಗೆ ಗೊತ್ತು.

ಉಳಿದದ್ದು ಚಿಕ್ಕಪುಟ್ಟದ್ದು. ಕಾಗದ ತೆಳು, ಪೆನ್ಸಿಲ್ ಓಕೆ, ಪೆನ್ ಹಾಕಿದರೆ ಹಿಂದಿನ ಪುಟಕ್ಕೆ ಇಳಿಯುತ್ತದೆ. ಹೊಲಿಗೆ ಗಟ್ಟಿ. ರಿಬ್ಬನ್ ಒಂದೇ, ಎರಡು ಬೇಕಿತ್ತು. ಹಿಂದೆ ಪ್ರವಾದಿಗಳ ಹೆಸರಿನ ಪ್ರಕಾರ ಸೂಚಿ ಇಲ್ಲ, ಯೆಶಾಯ ಎಲ್ಲೆಲ್ಲಿ ಬಂದಿದ್ದಾನೆ ಅಂತ ಹುಡುಕಬೇಕೆಂದರೆ ಕೈಯಲ್ಲೇ ಪಟ್ಟಿ ಮಾಡಿಕೊಳ್ಳಬೇಕು. ಲೂಕನ ಭಾಗ ಸಪ್ಪೆ, ಅವಸರದಲ್ಲಿ ಮುಗಿಸಿದ ಹಾಗಿದೆ.

ಸುವಾರ್ತೆ ಮೊದಲ ಸಲ ಓದುವವರಿಗೆ ಇದು ಬೇಡ, ಎಡಪುಟ ಬಲಪುಟ ಅಂತ ಓಡಾಡಿ ಕಥೆಯೇ ತಪ್ಪಿಹೋಗುತ್ತದೆ. ಕಥೆ ಗೊತ್ತಿದ್ದು, "ನೆರವೇರಿತು" ಅನ್ನುವ ಪದದ ಹತ್ತಿರ ಒಂದು ಸಲವಾದರೂ ತಡೆದು ನಿಂತವರು ಧಾರಾಳವಾಗಿ ತಗೊಳ್ಳಿ, ನಂಬುವವರಾಗಲಿ ನಂಬದವರಾಗಲಿ. ಮತ್ತಾಯ 21ರ ಎದುರಿನ ಪುಟಕ್ಕೆ ನಾನು ಒಂದು ಚೀಟಿ ಅಂಟಿಸಿದ್ದೇನೆ, ಜೆಕರ್ಯ 9:10 ಕೈಬರಹದಲ್ಲಿ. ಮುಂದಿನ ಮುದ್ರಣದಲ್ಲಿ ಅದನ್ನು ಅವರೇ ಸೇರಿಸಿದರೆ ಐದನೇ ಸ್ಟಾರ್ ಹಾಕಲು ಮತ್ತೆ ಬರುತ್ತೇನೆ.