ಸಬ್‌ವರ್ಶನ್, ಮರ್ಕ್ಯುರಿಯಲ್, ಗಿಟ್: ಕಮಿಟ್ ಮಾಡುವ ಅಭ್ಯಾಸ ಬದಲಾದ ಬಗೆ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿರುವ ನಮ್ಮ ಸಣ್ಣ ಕಚೇರಿಯಲ್ಲಿ ಕೊಬ್ಬರಿ ವರ್ತಕರಿಗೆ ಬೇಕಾದ ಮಂಡಿ ಲೆಕ್ಕದ ಸಾಫ್ಟ್‌ವೇರ್ ಸಿದ್ಧವಾಗುತ್ತದೆ. ಅದರ ಕೋಡನ್ನು ಮೊದಲು ಸಬ್‌ವರ್ಶನ್‌ನಲ್ಲಿ ಇಟ್ಟಿದ್ದೆವು, ಈಗ ಗಿಟ್‌ನಲ್ಲಿ ಇಟ್ಟಿದ್ದೇವೆ; ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಎಂಬ ಇತಿಹಾಸ ಕಾಯ್ದಿಡುವ ಸಾಧನಗಳಿವು. ನಡುವೆ ಒಂದು ಚಿಕ್ಕ ಯೋಜನೆಗೆ ಮರ್ಕ್ಯುರಿಯಲ್ ಬಳಸಿ ನೋಡಿದೆವು. ಸೌಲಭ್ಯಗಳನ್ನು ಪಟ್ಟಿ ಮಾಡಿದರೆ ಮೂರೂ ಹೆಚ್ಚುಕಡಿಮೆ ಸಮನಾಗಿ ಕಂಡರೂ, ಕೋಡ್ ಬರೆಯುವವರು ತಮ್ಮ ಕೆಲಸವನ್ನು ಯಾವ ಹಂತದಲ್ಲಿ ಇತರರ ಮುಂದಿಡಲು ಧೈರ್ಯ ಮಾಡುತ್ತಾರೆ ಎಂಬ ವಿಷಯದಲ್ಲಿ ಅವು ಒಂದರಂತೆ ಇನ್ನೊಂದಿಲ್ಲ.

2004ರಲ್ಲಿ 1.0 ಆವೃತ್ತಿ ಕಂಡ ಸಬ್‌ವರ್ಶನ್‌ನಲ್ಲಿ ಇತಿಹಾಸವೆಲ್ಲ ಒಂದೇ ಸರ್ವರ್‌ನಲ್ಲಿರುತ್ತದೆ. ಕಮಿಟ್ ಮಾಡಿದ, ಎಂದರೆ ಟಿಪ್ಪಣಿಯೊಡನೆ ಆ ಇತಿಹಾಸಕ್ಕೆ ಸೇರಿಸಿದ ಕೋಡು, ಮುಂದೆ ಅಪ್‌ಡೇಟ್ ಕೊಟ್ಟ ಪ್ರತಿಯೊಬ್ಬರ ಕಂಪ್ಯೂಟರಿಗೂ ಇಳಿಯುತ್ತದೆ. ಬಿಲ್ಡ್ (ಕೋಡಿನಿಂದ ಪ್ರೋಗ್ರಾಂ ಸಿದ್ಧಪಡಿಸುವ ಕೆಲಸ) ಕೆಡಿಸಿದವರೆಂಬ ಮಾತು ಕೇಳುವುದು ಯಾರಿಗೂ ಬೇಡವಾದ್ದರಿಂದ, ಎಲ್ಲರೂ ಸಂಜೆಯವರೆಗೆ ಕಾದು, ಮನೆಗೆ ಹೊರಡುವ ಮುನ್ನ ಇಡೀ ದಿನದ ಕೆಲಸವನ್ನು ಒಟ್ಟಿಗೆ ಕಮಿಟ್ ಮಾಡುತ್ತಿದ್ದರು. ‘ಬಿಲ್ ತಿದ್ದುಪಡಿ, ಇತರೆ’ ಎಂಬ ಒಂದೇ ಟಿಪ್ಪಣಿಯಡಿ ಚೀಲದ ತೂಕ ಕಳೆಯುವ ಲೆಕ್ಕ, ಕಮಿಷನ್ ದರ, ಪರದೆಯ ಬಣ್ಣ ಎಲ್ಲವೂ ಸೇರಿಹೋಗುತ್ತಿದ್ದವು. ಕಮಿಷನ್ ತಪ್ಪು ಬರುತ್ತಿದೆಯೆಂದು ತಿಪಟೂರಿನಿಂದ ಫೋನ್ ಬಂದಾಗ, ಅದೊಂದನ್ನೇ ಹಿಂದಕ್ಕೆ ತೆಗೆಯಲು ಕೈಯಿಂದಲೇ ಸಾಲು ಸಾಲು ತಿದ್ದಬೇಕಾಗುತ್ತಿತ್ತು. ಆದರೂ ಎಲ್ಲರೂ ಒಂದೇ ಟ್ರಂಕ್‌ನಲ್ಲಿ, ಎಂದರೆ ಕೋಡಿನ ಮುಖ್ಯ ಎಳೆಯಲ್ಲಿ, ದುಡಿಯುತ್ತಿದ್ದುದರಿಂದ ಕನ್‌ಫ್ಲಿಕ್ಟ್‌ಗಳು (ಒಂದೇ ಸಾಲನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಿದ ತಿಕ್ಕಾಟಗಳು) ಅಂದಂದೇ ಎದುರಾಗಿ ಅಂದಂದೇ ಬಗೆಹರಿಯುತ್ತಿದ್ದವು ಎಂಬುದನ್ನು ಒಪ್ಪಲೇಬೇಕು. ಬ್ರ್ಯಾಂಚ್, ಎಂದರೆ ಮುಖ್ಯ ಎಳೆಯಿಂದ ಬೇರೆಯಾದ ಕವಲು, ತೆರೆಯುವುದು ಸುಲಭವಾಗಿತ್ತು. ಅದನ್ನು ಮರಳಿ ಸೇರಿಸುವುದು, ಎಂದರೆ ಮರ್ಜ್ ಮಾಡುವುದು ಮಾತ್ರ, ಯಾವ ಬದಲಾವಣೆ ಈಗಾಗಲೇ ಸೇರಿದೆ ಎಂದು ನೆನಪಿಡುವ ವ್ಯವಸ್ಥೆ 2008ರ 1.5 ಆವೃತ್ತಿಯಲ್ಲಿ ಬಂದ ಮೇಲೂ, ನಮ್ಮವರಿಗೆ ತಲೆನೋವೇ ಆಗಿತ್ತು.

ಗಿಟ್ ಹುಟ್ಟಿದ್ದೇ ಬೇರೆ ಅಗತ್ಯಕ್ಕೆ. ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್‌ನವರಿಗೆ ಬಿಟ್‌ಕೀಪರ್ ಎಂಬ ಇಂಥದೇ ಸಾಧನ ಉಚಿತವಾಗಿ ಸಿಗುವುದು ನಿಂತಾಗ, 2005ರ ಏಪ್ರಿಲ್‌ನಲ್ಲಿ ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಗಿಟ್ ಬರೆಯತೊಡಗಿದರು. ಇಲ್ಲಿ ಕಮಿಟ್ ನಮ್ಮ ಡಿಸ್ಕಿನಲ್ಲೇ ಉಳಿಯುತ್ತದೆ, ಪುಶ್ ಮಾಡುವ (ಹಂಚಿಕೆಯ ಸರ್ವರ್‌ಗೆ ಕಳಿಸುವ) ತನಕ ಯಾರ ಕಣ್ಣಿಗೂ ಬೀಳುವುದಿಲ್ಲ. ವಾರಕ್ಕೊಮ್ಮೆ ಬೆಂಗಳೂರಿಗೆ ರೈಲಿನಲ್ಲಿ ಹೋಗುವ ನಮ್ಮ ಸಹೋದ್ಯೋಗಿ ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಲ್ಯಾಪ್‌ಟಾಪ್ ತೆರೆದು, ನಿಡವಂದದ ಹೊತ್ತಿಗೆ ಎರಡು ಕಮಿಟ್ ಮುಗಿಸಿರುತ್ತಾರೆ. ನೆಟ್‌ವರ್ಕ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ‘ಗಿಟ್ ಆಡ್ -ಪಿ’ ಆದೇಶ ಕೊಟ್ಟರೆ ಒಂದೇ ಫೈಲಿನ ಬದಲಾವಣೆಗಳನ್ನು ತುಣುಕು ತುಣುಕಾಗಿ ತೋರಿಸಿ, ಇದು ಬೇಕೇ ಎಂದು ಕೇಳುತ್ತದೆ. ಕಮಿಷನ್ ಲೆಕ್ಕಕ್ಕೆ ಹೂಂ ಎಂದು, ಬಣ್ಣಕ್ಕೆ ಬೇಡವೆಂದು, ಎರಡನ್ನೂ ಬೇರೆ ಬೇರೆ ಕಮಿಟ್ ಮಾಡುವ ರೂಢಿ ಹೀಗೆ ಬೆಳೆಯಿತು. ಕಮಿಟ್‌ಗಳು ಸಣ್ಣವಾದ ಮೇಲೆಯೇ ದೋಷ ತಂದ ಕಮಿಟ್ ಹುಡುಕಿಕೊಡುವ ‘ಬೈಸೆಕ್ಟ್’ ಆದೇಶದಿಂದ ನಿಜವಾದ ಉಪಯೋಗ ಸಿಕ್ಕಿತು: ಪ್ರತಿ ಪರೀಕ್ಷೆಗೂ ಅನುಮಾನದ ಪಟ್ಟಿಯನ್ನು ಅರ್ಧಕ್ಕಿಳಿಸುವುದರಿಂದ, ಸಾವಿರ ಕಮಿಟ್‌ಗಳ ನಡುವೆ ಅಡಗಿದ ದೋಷವೂ ಸುಮಾರು ಹತ್ತು ಪರೀಕ್ಷೆಯೊಳಗೆ ಸಿಕ್ಕಿಬೀಳುತ್ತದೆ.

ಆದರೆ ಈ ಗುಟ್ಟುತನಕ್ಕೆ ಬೆಲೆಯೂ ಇದೆ. ಸಬ್‌ವರ್ಶನ್ ಕಾಲದಲ್ಲಿ ಸಂಜೆಗೆ ಹೊರಬರುತ್ತಿದ್ದ ಕೋಡು ಗಿಟ್‌ನಲ್ಲಿ ಯಾರದೋ ಬ್ರ್ಯಾಂಚಿನಲ್ಲಿ ವಾರಗಟ್ಟಲೆ ಕೂತಿರುತ್ತದೆ, ಮರ್ಜ್ ದಿನ ಇಬ್ಬರು ಒಂದೇ ಫಂಕ್ಷನ್ನನ್ನು ಎರಡು ದಿಕ್ಕಿಗೆ ಎಳೆದಿರುವುದು ಆಗಷ್ಟೇ ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇದು ಸಬ್‌ವರ್ಶನ್‌ನ ದೊಡ್ಡ ಕಮಿಟ್‌ಗಿಂತಲೂ ಹಾನಿಕರ.

ಮರ್ಕ್ಯುರಿಯಲ್ ಕೂಡ 2005ರ ಏಪ್ರಿಲ್‌ನದೇ. ಅದರ ಆದೇಶಗಳು ಸಬ್‌ವರ್ಶನ್ ಬಲ್ಲವರಿಗೆ ಕೂಡಲೇ ಒಗ್ಗುತ್ತವೆ, ಹಂಚಿಕೊಂಡ ಕಮಿಟ್‌ಗಳನ್ನು ತಿದ್ದಲು ಹೊರಟರೆ ಅದು ತಾನಾಗಿಯೇ ತಡೆಯುತ್ತದೆ. ನನಗೆ ಮೂರರಲ್ಲಿ ಅದೇ ಮೆಚ್ಚುಗೆಯಾದರೂ, ಹೊಸದಾಗಿ ಕೆಲಸಕ್ಕೆ ಸೇರುವವರು ಗಿಟ್ ಮಾತ್ರ ಕಲಿತು ಬರುತ್ತಾರೆ.

ಸದ್ಯ ಕೋಡು ಗಿಟ್‌ನಲ್ಲಿದೆ. ಬ್ರ್ಯಾಂಚ್ ತೆರೆದವರು ಮರುದಿನದೊಳಗೆ ಮರ್ಜ್ ಮಾಡಬೇಕೆಂಬ ನಿಯಮವಿದೆ. ಮರ್ಜ್ ಮಾಡಲಾಗದ ಬಿಲ್ ಮುದ್ರಣದ ಮಾದರಿಗಳನ್ನು ಮಾತ್ರ ಸಬ್‌ವರ್ಶನ್‌ನಲ್ಲೇ ಉಳಿಸಿಕೊಂಡಿದ್ದೇವೆ, ಏಕೆಂದರೆ ಅಲ್ಲಿ ಒಬ್ಬರು ಲಾಕ್ ಹಾಕಿದರೆ ಅದು ಬಿಡುಗಡೆಯಾಗುವವರೆಗೆ ಇನ್ನೊಬ್ಬರ ಕಮಿಟ್ ಒಳಗೆ ಬರುವುದಿಲ್ಲ.